ತ್ರಿಜ್ಯದೊಳಗಿನ ಮೂರು

“ತ್ರಿಭುಜಕ್ಕ ಮೂರು ಭುಜ, ತ್ರಿಕೋನಕ್ಕ ಮೂರು ಕೋನ. ಹಂಗಾರ ತ್ರಿಜ್ಯಕ್ಕ ಮೂರು ಏನ್ರಿ ಸರ?”

ಆರನೆಯ ಇಯತ್ತೆಯ ಹುಡುಗನ ಈ ಪ್ರಶ್ನೆಗೆ ಧಾರವಾಡದ ಟ್ಯೂಷನ್ ಕೋಣೆಯಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: “ಅದೆಲ್ಲಾ ಪರೀಕ್ಷಾದಾಗ ಬರೂದಿಲ್ಲ, ಸುಮ್ನ ಬಾಯಿಪಾಠ ಮಾಡು.” ಅವನು ಮಾಡುತ್ತಾನೆ. ತ್ರಿಜ್ಯ ಅಂದರೆ ವೃತ್ತದ ಕೇಂದ್ರದಿಂದ ಪರಿಧಿಗಿರುವ ದೂರ, ಜ್ಯಾ ಅಂದರೆ ಪರಿಧಿಯ ಎರಡು ಬಿಂದು ಸೇರಿಸುವ ಗೆರೆ. ಮರುವಾರ ಜ್ಯಾ ಇದ್ದಲ್ಲಿ ತ್ರಿಜ್ಯ, ತ್ರಿಜ್ಯ ಇದ್ದಲ್ಲಿ ಜ್ಯಾ ಬರೆದು ಬೈಸಿಕೊಳ್ಳುವವನೂ ಅವನೇ.

ಪ್ರಶ್ನೆಯಲ್ಲಿ ತಪ್ಪೇನಿದೆ? ಮೂರು ಇದ್ದೇ ಇದೆ. ಮೇಷ, ವೃಷಭ, ಮಿಥುನ. ವೃತ್ತಕ್ಕೆ 360 ಡಿಗ್ರಿ, ರಾಶಿ 12, ಒಂದೊಂದಕ್ಕೆ 30. ಮೂರು ರಾಶಿಗೆ 90. ಹಳೆಯ ಜ್ಯೋತಿರ್ಗಣಿತದವರು ಆ ಗೆರೆಯ ಅರ್ಧವನ್ನೇ ಜ್ಯಾ ಎಂದು ಲೆಕ್ಕಕ್ಕೆ ಹಿಡಿದಿದ್ದರು. ಕೋನ ಬೆಳೆದಂತೆ ಅದೂ ಬೆಳೆದು, 90 ಡಿಗ್ರಿಗೆ ಬಂದಾಗ ಕೇಂದ್ರದಿಂದ ಪರಿಧಿಗಿರುವ ದೂರಕ್ಕೆ ಸಮವಾಗುತ್ತದೆ. ಮೂರು ರಾಶಿಯ ಜ್ಯಾ, ಅಂದರೆ ತ್ರಿಜ್ಯ. ಆರ್ಯಭಟನ ಕೋಷ್ಟಕದಲ್ಲಿ ಅದು 3438. ಡಿಗ್ರಿಗೆ 60ರಂತೆ ವೃತ್ತದ 21600 ಕಲೆಗಳನ್ನು ಪೈಯ ಇಮ್ಮಡಿಯಿಂದ ಭಾಗಿಸಿ ನೋಡಿ, ಕೂದಲೆಳೆಯ ವ್ಯತ್ಯಾಸದಲ್ಲಿ ಅದೇ ಬರುತ್ತದೆ.

ಹುಡುಗನಿಗೆ ಇಷ್ಟೆಲ್ಲ ಬೇಡ, ನಿಜ. ಆದರೆ ಬಿಲ್ಲನ್ನಾದರೂ ತೋರಿಸಬಾರದೇ? ವೃತ್ತದ ತುಂಡು ಚಾಪ, ಅಂದರೆ ಬಿಲ್ಲು. ಅದರ ಎರಡು ತುದಿಗೆ ಬಿಗಿದದ್ದು ಜ್ಯಾ, ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ಬೆನ್ನಿಗೆ ಇರುವ ದೂರ ಶರ, ಬಾಣ. ಒಂದು ಸಲ ಕಂಡವರು ಸಾಯುವತನಕ ಮರೆಯಲಾರದ ಚಿತ್ರ. ನಮ್ಮ ಶಾಲೆಯ ಪುಸ್ತಕಗಳು ಮಾಡಿದ್ದೇನು? ಚಾಪವನ್ನು ತೆಗೆದು ಕಂಸ ಎಂದವು, ಶರವನ್ನು ಕೈಬಿಟ್ಟವು. ಬಿಲ್ಲೂ ಇಲ್ಲ, ಬಾಣವೂ ಇಲ್ಲ, ಬರೀ ಹೆದೆ ಜೋತಾಡುತ್ತಿದೆ. ಮೇಲಾಗಿ ಅದೇ ಪಾಠದಲ್ಲಿ ವ್ಯಾಸ ಇದ್ದಾನೆ, ಕಂಸ ಇದ್ದಾನೆ. ಹುಡುಗರು ಕೃಷ್ಣನೆಲ್ಲಿ ಎಂದು ಹುಡುಕಿದರೆ ಅದೂ ಉದ್ಧಟತನವಂತೆ.

ಬಿಲ್ಲು ಉಳಿದಿರುವುದು ಗೌಂಡಿಗಳ ಹತ್ತಿರ. ಹುಬ್ಬಳ್ಳಿಯ ಗೌಂಡಿ ಬಾಗಿಲ ಮೇಲೆ ಕಟ್ಟುವುದನ್ನು ಕಮಾನು ಎನ್ನುತ್ತಾನೆ. ಪಾರಸಿಯಲ್ಲಿ ಕಮಾನ್ ಎಂದರೂ ಬಿಲ್ಲೇ. ಎಂಟು ಅಡಿ ಅಗಲದ ಬಾಗಿಲಿಗೆ ಎರಡು ಅಡಿ ಎತ್ತರದ ಕಮಾನು ಬೇಕು ಎನ್ನಿ. ಎಂಟು ಅಡಿ ಹೆದೆ, ಎರಡು ಅಡಿ ಬಾಣ. ಅರ್ಧ ಹೆದೆ ನಾಲ್ಕು. ನಾಲ್ಕು ನಾಲ್ಕಲೆ ಹದಿನಾರು. ಅದನ್ನು ಬಾಣದಿಂದ ಭಾಗಿಸಿದರೆ ಎಂಟು. ಬಾಣವನ್ನೇ ಕೂಡಿಸಿದರೆ ಹತ್ತು. ಅರ್ಧ ಮಾಡಿದರೆ ಐದು. ಅದೇ ತ್ರಿಜ್ಯ. ಕಮಾನು ಏಳುವ ಗೆರೆಯ ನಟ್ಟನಡುವೆ, ಮೂರು ಅಡಿ ಕೆಳಗೆ ಒಂದು ಮೊಳೆ, ಅದಕ್ಕೆ ಐದು ಅಡಿಯ ಎಳೆ. ಮೂರು, ನಾಲ್ಕು, ಐದು. ಪಾಯದ ಮೂಲೆ ಕಾಟಕೋನ, ಅಂದರೆ 90 ಡಿಗ್ರಿ, ಇದೆಯೋ ಇಲ್ಲವೋ ಎಂದು ಹಗ್ಗ ಹಿಡಿದು ನೋಡುವ ಲೆಕ್ಕವೇ ಇಲ್ಲಿ ಮಲಗಿಕೊಂಡಿದೆ.

ಎಳೆಗೆ ನೈಲಾನ್ ದಾರ ಮಾತ್ರ ಬೇಡ. ಅದು ಕೈಯ ಬಿಗಿತಕ್ಕೆ ತಕ್ಕಂತೆ ಹಿಗ್ಗುತ್ತದೆ, ಕಮಾನಿಗೆ ಒಂದು ಕಡೆ ಹೊಟ್ಟೆ ಬರುತ್ತದೆ. ಬೈಂಡಿಂಗ್ ತಂತಿ ಆಗಬಹುದು, ಮರದ ಪಟ್ಟಿಗೆ ಎರಡು ತೂತು ಕೊರೆದರೆ ಇನ್ನೂ ಉತ್ತಮ. ಮೊಳೆ ನಡುಗೆರೆಯಿಂದ ಒಂದೇ ಇಂಚು ಸರಿದಿತೋ, ಕಮಾನಿನ ಒಂದು ಕಾಲು ಒಂದೂಕಾಲು ಇಂಚಿಗೂ ಮಿಕ್ಕಿ ಮೇಲೆ, ಇನ್ನೊಂದು ಅಷ್ಟೇ ಕೆಳಗೆ. ಗಿಲಾವಿನಲ್ಲಿ ಮುಚ್ಚುತ್ತೇವೆ ಎನ್ನುವವರಿದ್ದಾರೆ. ಮುಚ್ಚಿದ್ದು ಎದುರು ಮನೆಯ ಕಟ್ಟೆಯಿಂದಲೂ ಕಾಣುತ್ತದೆ. ಅದಕ್ಕೇ ಮೊದಲು ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಗೆರೆ ಎಳೆದು, ಆಮೇಲೆ ಸೆಂಟ್ರಿಂಗ್ ಹಲಗೆ ಕೊಯ್ಯುವುದು.

ಕಂಪಾಸ್ ಪೆಟ್ಟಿಗೆಯ ಕೈವಾರದ ಕಥೆಯೂ ಇದೇ. ತಿರುಪು ಸಡಿಲಿದ್ದರೆ ಸುತ್ತು ಮುಗಿಯುವಷ್ಟರಲ್ಲಿ ಪೆನ್ಸಿಲ್ ಎರಡು ಮಿಲಿಮೀಟರ್ ಜಾರಿರುತ್ತದೆ, ವೃತ್ತ ಬಾಯಿ ಬಿಟ್ಟುಕೊಂಡು ಕೂಡುತ್ತದೆ. ಪೆನ್ಸಿಲ್ ಉದ್ದವಾದಷ್ಟೂ ಭಾರ ಹೆಚ್ಚು, ಗಿಡ್ಡದ್ದೇ ಹಾಕಬೇಕು. ಈ ಮಾತನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ.

ಇದನ್ನೆಲ್ಲ ಕೇಳಿದ ಹುಡುಗ ಸುಮ್ಮನಾಗುತ್ತಾನೆ ಎಂದುಕೊಂಡರೆ ಅದು ನಮ್ಮ ಭ್ರಮೆ. ಎರಡು ವರ್ಷದಲ್ಲಿ ಚತುರ್ಭುಜದ ಪಾಠ ಬರುತ್ತದೆ, ಮತ್ತೆ ಕೈ ಎತ್ತುತ್ತಾನೆ: “ತ್ರಾಪಿಜ್ಯದಾಗ ಹೆದಿ ಎಲ್ಲಿ ಐತ್ರಿ ಸರ?”

ಇಲ್ಲಪ್ಪ. ಅಲ್ಲಿ ಹೆದೆಯೂ ಇಲ್ಲ, ಮೂರೂ ಇಲ್ಲ. ಅದು ಇಂಗ್ಲಿಷಿನ ಟ್ರಪೀಜಿಯಂ, ಮೂಲದಲ್ಲಿ ಗ್ರೀಕರ ಊಟದ ಮೇಜು. ಯಾರೋ ಅದಕ್ಕೆ ಸಂಸ್ಕೃತದ ಶಲ್ಯ ಹೊದಿಸಿ ಕೂರಿಸಿದ್ದಾರೆ. ಅದನ್ನು ಮಾತ್ರ ಬಾಯಿಪಾಠ ಮಾಡು.