ರೋಲ್ಸ್‌ರಾಯ್ಸ್‌ಗೆ ಹರಳೆಣ್ಣೆ ಮದ್ದು

ಏಳು ಲೀಟರಿನ ಎಂಜಿನ್ನು, ಆರು ಸಿಲಿಂಡರು, ರಾಜಮಹಾರಾಜರು ಕೂತ ಸೀಟು. ಇಷ್ಟೆಲ್ಲ ಇದ್ದೂ ರೋಲ್ಸ್‌ರಾಯ್ಸ್‌ನ ಹಳೇ ಸಿಲ್ವರ್ ಘೋಸ್ಟ್ ಕಾರು ಕಾಯಿಲೆ ಬಿದ್ದರೆ ಮದ್ದು ಸಿಗುವುದು ಅಜ್ಜಿಯ ಗೂಡಿನಲ್ಲೇ. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಸೇರಿಸುವ, ಬಿಡಿಸುವ ಅದರ ಕ್ಲಚ್ಚೆಂದರೆ ಶಂಕುವಿನಾಕಾರದ ಒಂದು ಲೋಹದ ತುಂಡು, ಮೈಗೆ ಚರ್ಮದ ಹೊದಿಕೆ. ಅದು ಎಂಜಿನ್ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಹಳ್ಳದೊಳಗೆ ಹೋಗಿ ಕಚ್ಚಿಕೊಳ್ಳಬೇಕು. ಚರ್ಮ ಅಂದಮೇಲೆ ಅದಕ್ಕೂ ಬೇಸಿಗೆ, ಮಳೆಗಾಲ ಉಂಟಲ್ಲ!

ಚರ್ಮ ಒಣಗಿದರೆ, ಪೆಡಲ್ ಬಿಟ್ಟ ಕೂಡಲೇ ಗಾಡಿ ಹಗ್ಗ ಕಿತ್ತ ಹೋರಿಯಂತೆ ನೆಗೆಯುತ್ತದೆ. ಡ್ರೈವರನ ಪೇಟ ಹಿಂದೆ ಕೂತವರ ಮಡಿಲಿಗೆ ಬೀಳುತ್ತದೆ. ಚಿಕಿತ್ಸೆ ಸುಲಭ. ಸೀಮೆಎಣ್ಣೆಯಲ್ಲಿ ಕೊಳೆ ತೊಳೆದು, ಒಣಗಿಸಿ, ಹರಳೆಣ್ಣೆ ಸವರಿ, ಒತ್ತಿದ ಪೆಡಲ್ ಮೇಲೇಳದಂತೆ ಅದಕ್ಕೂ ಸೀಟಿಗೂ ನಡುವೆ ಒಂದು ಕೋಲು ಕೊಟ್ಟು ರಾತ್ರಿಯಿಡೀ ಬಿಡಬೇಕು. ಎಡವಟ್ಟಾಗುವುದು ಎಣ್ಣೆಯ ಅಳತೆಯಲ್ಲಿ. ಒಂದೆರಡು ಚಮಚ ಧಾರಾಳ ಸಾಕು. 'ದೊಡ್ಡ ಗಾಡಿ ಅಲ್ಲವೇ' ಎಂದು ಲೋಟ ಬಗ್ಗಿಸಿದರೋ, ಮರುದಿನ ಎಂಜಿನ್ ಕಿರುಚುತ್ತದೆ, ಗಾಡಿ ದಿಣ್ಣೆಯ ಬುಡದಲ್ಲೇ ಧ್ಯಾನಕ್ಕೆ ಕೂರುತ್ತದೆ.

ಆಗ ಬೇಕಾಗುವುದು ಮುಲ್ತಾನಿ ಮಿಟ್ಟಿ. ಹೌದು, ಮುಖಕ್ಕೆ ಹಚ್ಚುವುದೇ. ಇಂಗ್ಲೆಂಡಿನ ಮೆಕ್ಯಾನಿಕ್‌ಗಳು ಇದೇ ಜಾತಿಯ ಜೇಡಿಪುಡಿಯನ್ನು ಜಾರುವ ಕ್ಲಚ್ಚಿಗೆ ಉದುರಿಸುತ್ತಿದ್ದರು; ಹೆಚ್ಚಾದ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಚಿಟಿಕೆ ಸಾಕು, ಗುಲಾಬಿ ಪರಿಮಳದ್ದು ಬೇಡ. ಪುಡಿ ಹೆಚ್ಚಾದರೆ ಚರ್ಮ ಮತ್ತೆ ಒಣಗಿ ಹೋರಿ ವಾಪಸ್, ಮತ್ತೆ ಹರಳೆಣ್ಣೆ. ಈ ಪ್ರದಕ್ಷಿಣೆಗೆ ಬಿದ್ದವರಿಗೆ ಗಾಡಿ ಓಡಿಸಲು ಪುರುಸೊತ್ತೇ ಸಿಗುವುದಿಲ್ಲ.

ಕಾರ್ಬುರೇಟರಿನ ಹಿತ್ತಾಳೆ ಫ್ಲೋಟ್, ಅಂದರೆ ಪೆಟ್ರೋಲಿನಲ್ಲಿ ತೇಲುವ ಟೊಳ್ಳು ಡಬ್ಬಿ, ಇನ್ನೊಂದು ನಾಜೂಕಿನ ಜೀವ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ತೆಗೆದು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಎಳನೀರಿನಂತೆ ಕುಲುಕಿದರೆ ಎಲ್ಲೋ ಸೂಜಿಮೊನೆಯಷ್ಟು ತೂತಿದೆ. ಬಿಸಿನೀರನ್ನು ಅಂಗಳಕ್ಕೆ ತಂದು ಅದರಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಹತ್ತಿರದಲ್ಲಿ ಒಲೆಯೂ ಇರಬಾರದು, ಬೀಡಿ ಹಚ್ಚಿದ ಸಲಹೆಗಾರರೂ ಇರಬಾರದು. ಒಳಗಿನ ಪೆಟ್ರೋಲ್ ಪೂರ್ತಿ ಹೋದಮೇಲಷ್ಟೇ ಬೆಸುಗೆ, ಅದೂ ಕಾಯಿಸಿದ ಕಬ್ಬಿಣದಿಂದ. ಬೆಂಕಿಯ ಜ್ವಾಲೆ ತೋರಿಸಿದರೆ ಫ್ಲೋಟಿನ ಜೊತೆ ಹುಬ್ಬೂ ಹೋದೀತು. ಬಿಸಿಗೆ ಹಿಗ್ಗಿದ ಗಾಳಿ ಕರಗಿದ ಬೆಸುಗೆಯನ್ನು ಊದಿ ಹಾರಿಸುತ್ತದೆ. ಅದಕ್ಕೇ ಬೇರೆ ಕಡೆ ಇನ್ನೊಂದು ಸಣ್ಣ ತೂತು ಕೊರೆದು, ಮೊದಲನೆಯದನ್ನು ಮುಚ್ಚಿ, ಆರಿದ ಮೇಲೆ ಅದನ್ನೂ ಚಕ್ಕನೆ ಮುಚ್ಚಬೇಕು. ಭದ್ರವಾಗಲಿ ಎಂದು ಬೆಸುಗೆಯನ್ನು ಲಾಡುವಿನಂತೆ ಮೆತ್ತಿದರೆ ಫ್ಲೋಟ್ ಭಾರವಾಗಿ ತಡವಾಗಿ ಏಳುತ್ತದೆ, ಪೆಟ್ರೋಲ್ ಬರುವ ದಾರಿಯನ್ನು ಸೂಜಿ ತಡವಾಗಿ ಮುಚ್ಚುತ್ತದೆ, ಪೆಟ್ರೋಲ್ ಮತ್ತೆ ತೊಟ್ಟಿಕ್ಕುತ್ತದೆ. ಹೆಚ್ಚಾದದ್ದನ್ನು ಅರ ಹಾಕಿ ತೆಗೆಯಿರಿ.

ಮರದ ಚಕ್ರದ ಕಡ್ಡಿಗಳು ಒಣಗಿ ಕಿರ್ ಎನ್ನುತ್ತಿದ್ದರೆ ರಾತ್ರಿ ನೀರಲ್ಲಿ ನೆನೆಸುವ ಪದ್ಧತಿಯಿತ್ತು. ಎತ್ತಿನಗಾಡಿಯನ್ನು ಕೆರೆಗಿಳಿಸುವವರಿಗೆ ಇದರಲ್ಲಿ ಹೊಸದೇನಿಲ್ಲ. ತಾತ್ಕಾಲಿಕ ಉಪಾಯ ಅಷ್ಟೆ. ಪದೇಪದೇ ಮಾಡಿದರೆ ಮರ ಕೊಳೆಯುತ್ತದೆ.

ಇದೆಲ್ಲಕ್ಕೂ ಮೊದಲು ಪೆಟ್ರೋಲಿನ ನಲ್ಲಿಯನ್ನು ನೋಡಿ. 1907ರಲ್ಲಿ ಎಎಕ್ಸ್ 201 ನಂಬರಿನ ಬೆಳ್ಳಿ ಬಣ್ಣದ ಗಾಡಿಯನ್ನು 15,000 ಮೈಲಿ ಓಡಿಸಿ ಪರೀಕ್ಷಿಸಿದರು. 629ನೇ ಮೈಲಿಯಲ್ಲಿ ನಿಂತಿತು. ಅಲುಗಾಟಕ್ಕೆ ನಲ್ಲಿ ತಾನಾಗೇ ಮುಚ್ಚಿಕೊಂಡಿತ್ತು! ತೆರೆದ ಮೇಲೆ ಉಳಿದ 14,371 ಮೈಲಿಯಲ್ಲಿ ಕೆಟ್ಟು ನಿಲ್ಲಲೇ ಇಲ್ಲ. ನಮ್ಮ ಪಂಡಿತರು ಮಾತ್ರ ಮೊದಲ ದಿನ ಕಿಡಿ ಹೊತ್ತಿಸುವ ಮ್ಯಾಗ್ನೆಟೋ, ಎರಡನೇ ದಿನ ಕಾರ್ಬುರೇಟರ್ ಬಿಚ್ಚಿ, ನಲ್ಲಿಯ ಕಡೆ ತಿರುಗುವುದು ಮೂರನೇ ದಿನ. ನಲ್ಲಿಯ ಬಿರಡೆ ಸಡಿಲವಿದ್ದರೆ ಹಿತ್ತಾಳೆ ಪಾಲಿಶ್ ಹಚ್ಚಿ ಅತ್ತಿತ್ತ ತಿರುಗಿಸಿ ಮಸೆದು, ತೊಳೆದು, ನಟ್ ಒಂದಿಷ್ಟು ಬಿಗಿಮಾಡಿ. ಹಿಡಿ ಕೆಳಕ್ಕೆ ಜೋತಾಗ ನಲ್ಲಿ ತೆರೆದಿರುವಂತೆ ಕೂರಿಸಿ. ಗಾಡಿ ಎಷ್ಟೇ ಕುಣಿದರೂ ತನ್ನ ಭಾರಕ್ಕೇ ಅದು ತೆರೆದಿರುತ್ತದೆ.