ಮಂಚದ ಪಕ್ಕ ನಿಂತು ಹೇಳುವ ಮಾತಲ್ಲ ಅದು

ಮೊನ್ನೆ ನಮ್ಮ ಚರ್ಚಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಜಾತ್ರೆಗೆ ಹೊರಟ ಜನರ ಎದುರು ಒಬ್ಬ ಹುಡುಗ ಮೈಕ್ ಹಿಡಿದು ನಿಂತಿದ್ದಾನೆ. "ನೀವೆಲ್ಲ ನರಕಕ್ಕೆ ಹೋಗ್ತೀರಿ" ಅಂತ ಕೂಗುತ್ತಿದ್ದಾನೆ. ಒಬ್ಬ ಅಜ್ಜಿ ಮೊಮ್ಮಗನ ಕೈ ಎಳೆದುಕೊಂಡು ಬೇಗ ಬೇಗ ದಾಟಿ ಹೋಗುತ್ತಾರೆ. ಕೆಳಗೆ ಹದಿನೈದಿಪ್ಪತ್ತು ಜನ "ಆಮೆನ್" ಹಾಕಿದ್ದರು. ನನ್ನ ಕೈಯಲ್ಲಿ ಆಗಲಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಯೇಸುವನ್ನು ನಂಬುವವಳು. ಆ ನಂಬಿಕೆಯನ್ನು ಬೇರೆಯವರಿಗೂ ಹೇಳಬೇಕು ಅನ್ನುವವಳು. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಸಾರುವ ಹಕ್ಕನ್ನೂ ನಮಗೆ ಕೊಟ್ಟಿದೆ. ಆದರೆ ಹಕ್ಕು ಇದೆ ಅಂತ ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ಬಾಯಿ ತೆರೆಯಬಹುದಾ? ಇದನ್ನು ನಾನು ಕಲಿತದ್ದು ಪಕ್ಕದ ಮನೆಯ ಅಕ್ಕನಿಂದ.

ನಮ್ಮದು ಉಡುಪಿ. ಅಷ್ಟಮಿಗೆ ಆ ಅಕ್ಕನ ಮನೆಯಿಂದ ಒಂದು ಸ್ಟೀಲ್ ಡಬ್ಬಿಯಲ್ಲಿ ಉಂಡೆ, ಚಕ್ಕುಲಿ ಬರುತ್ತದೆ. ಕ್ರಿಸ್‌ಮಸ್‌ಗೆ ಅದೇ ಡಬ್ಬಿಯಲ್ಲಿ ನಮ್ಮ ಕೇಕು, ಕಲ್ಕಲ್ ಹೋಗುತ್ತದೆ. ಖಾಲಿ ಡಬ್ಬಿ ವಾಪಸ್ ಕೊಡುವ ಅಭ್ಯಾಸ ಎರಡೂ ಮನೆಯವರಿಗಿಲ್ಲ. ಎಷ್ಟೋ ವರ್ಷ ಹೀಗೇ ನಡೆದಿತ್ತು.

ಒಂದು ಮಳೆಗಾಲದಲ್ಲಿ ಅಕ್ಕನ ಯಜಮಾನರಿಗೆ ಸ್ಟ್ರೋಕ್ ಆಯಿತು. ಎಡಭಾಗ ಬಿದ್ದುಹೋಯಿತು. ನೋಡಲು ಆಸ್ಪತ್ರೆಗೆ ಹೊರಟಾಗ ಪರಿಚಯದ ಒಬ್ಬ ವಿಶ್ವಾಸಿ ಹೆಂಗಸು "ನಾನೂ ಬರ್ತೇನೆ, ಪ್ರಾರ್ಥನೆ ಮಾಡುವ" ಅಂದರು. ಒಳ್ಳೆಯದೇ ಅಲ್ವಾ ಅಂತ ಕರೆದುಕೊಂಡು ಹೋದೆ.

ಪ್ರಾರ್ಥನೆ ಆಯಿತು. ಅಕ್ಕನೂ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಬಂದವರು ಅಕ್ಕನ ಮುಖ ನೋಡಿ, "ಮನೆಯಲ್ಲಿ ವಿಗ್ರಹ ಇಟ್ಟುಕೊಂಡ್ರೆ ಹೀಗೇ ಆಗೋದು. ಇದು ಶಾಪ. ಅದನ್ನೆಲ್ಲ ತೆಗೆದುಹಾಕಿ, ಇವರು ಎದ್ದು ನಡೀತಾರೆ" ಅಂದರು.

ಅಕ್ಕ ಏನೂ ಹೇಳಲಿಲ್ಲ. ಯಜಮಾನರ ಕಾಲಿನ ಮೇಲಿದ್ದ ಹೊದಿಕೆಯನ್ನು ಎಳೆದು ಸರಿ ಮಾಡಿದರು. ಮತ್ತೆ ಸರಿ ಮಾಡಿದರು. ಹೊದಿಕೆ ಸರಿಯಾಗಿಯೇ ಇತ್ತು. ನಾನೂ ಸುಮ್ನೆ ನಿಂತಿದ್ದೆ. ತಪ್ಪು ಬಂದವರದ್ದು ಮಾತ್ರ ಅಲ್ಲ, ನಂದೂ ಹೌದು. ಅಲ್ಲೇ "ಹಾಗಲ್ಲ ಅಕ್ಕ" ಅಂತ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಆ ವರ್ಷವೂ ಅಷ್ಟಮಿಗೆ ಉಂಡೆ, ಚಕ್ಕುಲಿ ಬಂತು. ಅಕ್ಕ ಬರಲಿಲ್ಲ, ಮಗಳ ಕೈಯಲ್ಲಿ ಕಳಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ. ಡಬ್ಬಿ ಇರಲಿಲ್ಲ. ಆ ಚೀಲ ಹಿಡಿದುಕೊಂಡು ತುಂಬ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆ.

ಆವತ್ತು ರಾತ್ರಿ ಬೈಬಲಿನ ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆದು ಓದಿದೆ. ದಾರಿಯಲ್ಲಿ ಒಬ್ಬ ಹುಟ್ಟುಕುರುಡ ಇರುತ್ತಾನೆ. ಇವನು ಹೀಗೆ ಹುಟ್ಟಲು ಯಾರ ಪಾಪ ಕಾರಣ, ಇವನದ್ದೋ ಇವನ ತಂದೆತಾಯಿಯದ್ದೋ ಅಂತ ಶಿಷ್ಯರು ಕೇಳುತ್ತಾರೆ. ಯೇಸು ಎರಡೂ ಅಲ್ಲ ಅನ್ನುತ್ತಾನೆ. ನಮ್ಮ ಸತ್ಯವೇದದಲ್ಲೇ ಇಷ್ಟು ಸ್ಪಷ್ಟವಾಗಿ ಇರುವಾಗ, ಕಾಯಿಲೆ ಬಿದ್ದವರ ಮಂಚದ ಪಕ್ಕ ನಿಂತು "ಶಾಪ" ಅನ್ನುವ ಧೈರ್ಯ ನಮಗೆ ಎಲ್ಲಿಂದ ಬಂತು?

ಇನ್ನೊಂದು ಮಾತು. ನಾವು ಕ್ರೈಸ್ತರು ನಮ್ಮೊಳಗೆ ಮಾತಾಡುವಾಗ ಬೇರೆಯವರನ್ನು "ಅನ್ಯರು" ಅನ್ನುತ್ತೇವೆ. ಸತ್ಯವೇದದಲ್ಲಿ "ಅನ್ಯಜನರು" ಅಂದರೆ ಯೆಹೂದ್ಯರಲ್ಲದವರು. ಆ ಲೆಕ್ಕದಲ್ಲಿ ಉಡುಪಿಯಲ್ಲಿ ಕೂತ ನಾನೂ ಅನ್ಯಳೇ! ಇಪ್ಪತ್ತು ವರ್ಷ ಡಬ್ಬಿ ಬದಲಾಯಿಸಿಕೊಂಡವರು ಅನ್ಯರು ಹೇಗಾಗುತ್ತಾರೆ? ಈಗ ಆ ಪದ ನನ್ನ ಬಾಯಿಂದ ಬರುವುದಿಲ್ಲ. ಮಕ್ಕಳು ಅಂದರೂ ತಿದ್ದುತ್ತೇನೆ.

ನಮ್ಮ ಊರಲ್ಲಿ ಸುವಾರ್ತೆ ಸಾರಿದವರನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕರಪತ್ರಗಳಲ್ಲಿ ಇಲ್ಲಿನ ದೇವರುಗಳ ಬಗ್ಗೆ ಕಟು ಮಾತುಗಳಿದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರಲ್ಲೇ ಒಬ್ಬರಾದ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದರು. ಆಮೇಲೆ ದಾಸರ ಪದಗಳನ್ನು ಸೇರಿಸಿ ಅಚ್ಚು ಹಾಕಿಸಿದರು. ನಮ್ಮ ಉಡುಪಿ ಕೃಷ್ಣನನ್ನು ಹಾಡಿದ ಪದಗಳನ್ನು ಒಬ್ಬ ಪಾದ್ರಿ ಕಾಪಿಟ್ಟರು! ಕಿಟೆಲ್ ಸುಮಾರು 70,000 ಪದಗಳ ನಿಘಂಟು ಮಾಡಿ 1894ರಲ್ಲಿ ಕೊಟ್ಟರು. ಇಲ್ಲಿನ ಜನ ಹೇಗೆ ಮಾತಾಡುತ್ತಾರೆ ಅಂತ ಅಷ್ಟು ವರ್ಷ ಕಿವಿಗೊಟ್ಟು ಕೇಳಿದರು. ಆ ಕರಪತ್ರಗಳು ಯಾರಿಗೂ ನೆನಪಿಲ್ಲ. ನಿಘಂಟು ಇವತ್ತಿಗೂ ಮೇಜಿನ ಮೇಲಿದೆ. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಶುರು ಮಾಡಿದ ಆಸ್ಪತ್ರೆಯೂ ಇದೆ. ಅಕ್ಕನ ಇಬ್ಬರು ಮಕ್ಕಳು ಹುಟ್ಟಿದ್ದು ಅಲ್ಲೇ.

ಎರಡು ತಿಂಗಳಾದ ಮೇಲೆ ಧೈರ್ಯ ಮಾಡಿ ಅಕ್ಕನ ಮನೆಗೆ ಹೋದೆ. ಅಲಸಂಡೆ ಮುರಿಯುತ್ತಾ ಕೂತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಮುರಿದೆ. "ಆವತ್ತು ಹಾಗೆ ಹೇಳಿದ್ದು ತಪ್ಪು ಅಕ್ಕ. ನಾನು ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು" ಅಂದೆ. ಅವರು "ಹೋಗ್ಲಿ ಬಿಡಿ" ಅಂದರು. ಆದರೆ ಕಣ್ಣು ತುಂಬಿತ್ತು.

ಇದನ್ನು ಹೇಳಿದಾಗ ನಮ್ಮವರೇ ಒಬ್ಬರು "ಹಾಗಾದ್ರೆ ಸತ್ಯ ಮುಚ್ಚಿಡ್ಬೇಕಾ?" ಅಂತ ಕೇಳಿದರು. ಇಲ್ಲ. ವ್ಯಭಿಚಾರದ ಆರೋಪ ಹೊರಿಸಿ ಕಲ್ಲು ಹೊಡೆಯಲು ಎಳೆದು ತಂದ ಹೆಂಗಸಿಗೆ ಯೇಸು "ಇನ್ನು ಪಾಪ ಮಾಡಬೇಡ" ಅಂತ ಹೇಳಿದ್ದು ಹೌದು. ಆದರೆ ಯಾವಾಗ? ಕಲ್ಲು ಹಿಡಿದವರೆಲ್ಲ ಹೋದ ಮೇಲೆ. "ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ" ಅಂದ ಮೇಲೆ. ಆ ಕ್ರಮ ತಿರುಗಿಸಿದರೆ ನಾವೂ ಕಲ್ಲು ಹಿಡಿದವರ ಸಾಲಿಗೆ ಹೋಗಿ ನಿಲ್ಲುತ್ತೇವೆ. ವಿವೇಕ ಅಂದರೆ ನನಗೆ ಇಷ್ಟೇ: ಎದುರಿಗಿರುವವರಿಗೆ ಈಗ ಏನು ಬೇಕಾಗಿದೆ ಅಂತ ನೋಡುವುದು. ಕೆಲವೊಮ್ಮೆ ಫ್ಲಾಸ್ಕಿನಲ್ಲಿ ಗಂಜಿ ಬೇಕಾಗಿರುತ್ತದೆ. ರಾತ್ರಿ ಆಸ್ಪತ್ರೆಯಲ್ಲಿ ಮಲಗಲು ಒಂದು ಜನ ಬೇಕಾಗಿರುತ್ತದೆ. ಉತ್ತರ ಕೊಡಲು ಸಿದ್ಧವಾಗಿರಿ ಅಂತ ಯೇಸುವಿನ ಶಿಷ್ಯ ಪೇತ್ರ ಬರೆದದ್ದು ಕೇಳುವವರಿಗೆ ಉತ್ತರ ಕೊಡುವ ಬಗ್ಗೆ. ಅದನ್ನೂ ಸೌಮ್ಯವಾಗಿ ಕೊಡಿ ಅಂದಿದ್ದಾನೆ. ಆ ಹುಡುಗನ ಮೈಕಿನ ಎದುರು ದಾಟಿ ಹೋದ ಅಜ್ಜಿ ಏನೂ ಕೇಳಿರಲಿಲ್ಲ.

ಅಕ್ಕ ಕೇಳಿದರು. ಅದಾಗಿ ಒಂದು ವರ್ಷದ ಮೇಲೆ. ಯಜಮಾನರು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು. ಫಿಸಿಯೋಥೆರಪಿ, ಮಾತ್ರೆ, ಅಕ್ಕನ ಹಗಲು ರಾತ್ರಿಯ ಚಾಕರಿ, ಎರಡೂ ಮನೆಯ ಪ್ರಾರ್ಥನೆ. ಯಾವುದರಿಂದ ಎಷ್ಟು ಅಂತ ಲೆಕ್ಕ ಹಾಕುವವಳು ನಾನಲ್ಲ. ಒಂದು ಸಂಜೆ ಅಕ್ಕನೇ, "ನೀವು ಪ್ರಾರ್ಥನೆ ಮಾಡುವಾಗ ಎಂತ ಕೇಳ್ತೀರಿ? ಅವನು ಹೇಗಿದ್ದ ಮಾರಾಯ್ರೆ, ನಿಮ್ಮ ಯೇಸು?" ಅಂದರು.

ನಾನು ಸಮಾರ್ಯದ ಬಾವಿಯ ಕಥೆ ಹೇಳಿದೆ. ಮಧ್ಯಾಹ್ನದ ಬಿಸಿಲು. ನಡೆದು ಸುಸ್ತಾಗಿ ಬಾವಿ ಹತ್ತಿರ ಕೂತವನು. ಯೆಹೂದ್ಯರು ಮತ್ತು ಸಮಾರ್ಯದವರಿಗೆ ಆಗಿಬರುತ್ತಿರಲಿಲ್ಲ, ಆದರೂ ನೀರು ಸೇದಲು ಬಂದ ಸಮಾರ್ಯದ ಹೆಂಗಸಿನ ಎದುರು ಅವನೇ ಮೊದಲು ಕೈಚಾಚಿ "ಕುಡಿಯಲು ನೀರು ಕೊಡು" ಅಂತ ಕೇಳುತ್ತಾನೆ. ನಮ್ಮ ಕಡೆ ಬಾವಿಗೂ ಜಾತಿ ಇತ್ತಲ್ಲ, ಅಕ್ಕನಿಗೆ ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಆ ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು ಅನ್ನುವವರೆಗೆ ಹೇಳಿದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ, ಅಷ್ಟು ಬಾಯಾರಿದವನಿಗೆ ಕೊನೆಗೆ ನೀರು ಕೊಟ್ಟಳಾ ಇಲ್ವಾ?" ಅಂತ ಕೇಳಿದರು.

ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಆ ಕಥೆ ಎಷ್ಟು ಸಲ ಕೇಳಿದ್ದೇನೋ. ಒಂದು ಸಲವೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಓದಿದೆ. ಎಲ್ಲೂ ಬರೆದಿಲ್ಲ. ಮರುದಿನ ಹೋಗಿ ಅಕ್ಕನಿಗೆ ಹಾಗೇ ಹೇಳಿದೆ.

"ಕೊಟ್ಟಿರ್ತಾಳೆ ಬಿಡಿ" ಅಂದರು.