ಕಬೋರ್ಡ್ ಬೇರೆ, ಕಪಾಟು ಬೇರೆ

ಮುಂಬಯಿ ಕನ್ನಡಿಗರ ಬಾಯಲ್ಲಿರುವ ‘ಕಪಾಟು’ ಇಂಗ್ಲಿಷಿನ ‘ಕಬೋರ್ಡ್’ನಿಂದ ಬಂತು ಎಂದು ಲೇಖಕರೊಬ್ಬರು ಬರೆದ ಮಾತು ಖಂಡಿತ ಸರಿಯಲ್ಲ. ಇಲ್ಲಿನ ಮರಾಠಿಯವರೂ ನಾವೂ ಹೇಳುವ ಕಪಾಟು ಸಂಸ್ಕೃತದ ‘ಕಪಾಟ’, ಅಂದರೆ ಬಾಗಿಲ ಕದ. ಹೃದಯದ ‘ಕವಾಟ’ವೂ ಅದೇ ಮೂಲದ್ದು. ಕಬೋರ್ಡ್‌ಗಾದರೋ ಮೊದಲು ಕದವೇ ಇರಲಿಲ್ಲ! 14ನೇ ಶತಮಾನದ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಮೇಜು. ಬಟ್ಟಲು, ತಟ್ಟೆ ಜೋಡಿಸಿಡುವ ಮೇಜೇ ಕಪ್‌-ಬೋರ್ಡ್. ಮುಚ್ಚಿದ ಅಲಮಾರಿ ಎಂಬ ಅರ್ಥ 16ನೇ ಶತಮಾನದ್ದು. ನಮ್ಮ ಉಡುಪಿ ಹೋಟೆಲುಗಳ ‘ಬೋರ್ಡಿಂಗ್ ಲಾಡ್ಜಿಂಗ್’ ಫಲಕದಲ್ಲಿ ಆ ಹಳೇ ಮೇಜು ಇನ್ನೂ ಉಳಿದಿದೆ, ಅಲ್ಲಿ ಬೋರ್ಡಿಂಗ್ ಎಂದರೆ ಊಟ. ಇನ್ನು ಕಬೋರ್ಡ್ ಎನ್ನುವ ಉಚ್ಚಾರದಲ್ಲಿ ‘ಕಪ್’ನ ‘ಪ’ ಬಿದ್ದುಹೋದದ್ದೇಕೆ? ಪ, ಬ ಎರಡಕ್ಕೂ ತುಟಿ ಮುಚ್ಚಬೇಕು. ಸೇರಿಸಿ ಆಡುವಾಗ ತುಟಿ ಒಮ್ಮೆ ಮಾತ್ರ ಮುಚ್ಚಿ ‘ಬ’ಕ್ಕೇ ತೆರೆದುಕೊಳ್ಳುತ್ತದೆ. ‘ರಾಸ್ಪ್‌ಬೆರಿ’ ರಾಸ್‌ಬೆರಿಯಾದದ್ದೂ ಹೀಗೆಯೇ.